ಸಗಣಿ, ಕುಂಕುಮ, ತೊಗಲು, ಕೆಮ್ಮಣ್ಣು: ಶೀಲಾ ಗೌಡರ ಹಾದಿ ನಮ್ಮ ಮೂರು ಜಿಲ್ಲೆಗೆ (ಕೊಪ್ಪಳ, ಬಳ್ಳಾರಿ, ರಾಯಚೂರು) ಬಂದರೆ?

ಕೆಮ್ಮಣ್ಣು (ಕೊಪ್ಪಳ)

ನಮ್ಮ ಭಾಗದಲ್ಲಿ ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರಿಗೆ "ಬಹುಶಿಸ್ತೀಯ ಕಲೆ" (ಹಲವು ಕಲೆ, ವಿದ್ಯೆಗಳನ್ನು ಬೆರೆಸಿ ಮಾಡುವುದು) ಅಂದರೆ ಪ್ರೊಜೆಕ್ಟರು, ಹೆಡ್‌ಫೋನು, ಕತ್ತಲ ಕೋಣೆ ಇಷ್ಟೇ ಕಣ್ಣಮುಂದೆ ಬರುತ್ತದೆ. ಈ ತಿಳಿವಳಿಕೆ ತಿದ್ದಬೇಕಾದರೆ ಕಲಾವಿದೆ ಶೀಲಾ ಗೌಡರ ಕೆಲಸವನ್ನು ಕೂತು ನೋಡಬೇಕು.

ಹುಟ್ಟಿದ್ದು 1957, ಭದ್ರಾವತಿ. ಓದಿದ್ದು ಬೆಂಗಳೂರಿನ ಕೆನ್ ಕಲಾಶಾಲೆ, ಆಮೇಲೆ ಶಾಂತಿನಿಕೇತನ, ಕೊನೆಗೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, 1986ರಲ್ಲಿ ಮುಗಿಸಿದ್ದು. ಕಲಿತದ್ದೆಲ್ಲ ಚಿತ್ರ ಬರೆಯುವುದನ್ನೇ. 1990ರ ದಶಕದ ಆರಂಭದಲ್ಲಿ, ದೇಶದಲ್ಲಿ ಕೋಮು ಹಿಂಸೆ ಏರಿದ ಹೊತ್ತಿನಲ್ಲಿ, ಕುಂಚ ಪಕ್ಕಕ್ಕಿಟ್ಟು ಸಗಣಿ ಹಿಡಿದರು. 1998ರ "ಆ್ಯಂಡ್ ಟೆಲ್ ಹಿಮ್ ಆಫ್ ಮೈ ಪೇನ್" ಕೃತಿಯಲ್ಲಿ ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಎಲ್ಲ ದಾರವನ್ನೂ ಕುಂಕುಮ ಮತ್ತು ಅಂಟಿನಲ್ಲಿ ಹೊಸೆದು ಹಗ್ಗ ಮಾಡಿದ್ದಾರೆ. ಹಗ್ಗದ ತುದಿಯಲ್ಲಿ ಸೂಜಿಗಳು ಗೊಂಚಲಾಗಿ ತೂಗುತ್ತವೆ. 2006ರ "ಡಾರ್ಕ್‌ರೂಮ್" ರಸ್ತೆ ಕೆಲಸದವರು ಬಳಸುವ ಡಾಂಬರು ಡ್ರಮ್ಮುಗಳದ್ದು. 2009ರಲ್ಲಿ ಇಟಲಿಯ ದೊಡ್ಡ ಕಲಾಪ್ರದರ್ಶನ ವೆನಿಸ್ ಬಿಯೆನಾಲೆಯಲ್ಲಿ ತೋರಿಸಿದ "ಬಿಹೋಲ್ಡ್" ಕೃತಿಗೆ ತಲೆಗೂದಲಿನ ಹಗ್ಗ ಸುಮಾರು 4 ಕಿ.ಮೀ., ಜೊತೆಗೆ ಕಾರಿನ ಬಂಪರುಗಳು. ದೃಷ್ಟಿ ತಾಗಬಾರದು ಅಂತ ಲಾರಿಗೆ, ಕಾರಿಗೆ ಕಟ್ಟುವ ಅದೇ ಕೂದಲ ಹಗ್ಗ.

ಇದರಲ್ಲಿ ಗಮನಿಸಬೇಕಾದ್ದು, ಅವರು ಯಾವ ವಸ್ತುವನ್ನೂ ಸುಮ್ಮನೆ ವಿಚಿತ್ರವಾಗಿ ಕಾಣಲಿ ಎಂದು ಆರಿಸಿಲ್ಲ. ಸಗಣಿಯ ಹಿಂದೆ ತಟ್ಟುವ ಹೆಣ್ಣುಮಕ್ಕಳ ದುಡಿಮೆ ಇದೆ, ಡ್ರಮ್ಮಿನ ಹಿಂದೆ ಗುಳೆ ಹೋದವರ ವಸತಿ ಇದೆ. ನಮ್ಮಲ್ಲಿ ಅಂಥ ವಸ್ತುಗಳಿಗೆ ಬರವಿಲ್ಲ: ಮೋರನಾಳದ ಗೊಂಬೆಯ ತೊಗಲು, ಕಿನ್ನಾಳದ ಮರದ ಗೊಂಬೆಗೆ ಮೆತ್ತುವ ಕಿಟ್ಟ, ಸಂಡೂರಿನ ಅದಿರಿನ ಕೆಂಪು, ಆನೆಗೊಂದಿಯ ಬಾಳೆನಾರು, ಲಂಬಾಣಿ ಕಸೂತಿ. ಒಂದೊಂದನ್ನೂ ಬಲ್ಲವರು ಈ ವೇದಿಕೆಯಲ್ಲಿದ್ದೀರಿ. ಹೇಗೆ ಮಾಡುತ್ತಾರೆ, ಎಲ್ಲಿ ಕೆಡುತ್ತದೆ, ಆ ವಿದ್ಯೆ ಯಾರದ್ದೋ ಅವರನ್ನು ಹೇಗೆ ಒಳಗೊಳ್ಳಬೇಕು, ಬಿಡಿಸಿ ಬರೆಯಿರಿ.

ಹರಳೆಣ್ಣೆ ದೀಪ (ಬಳ್ಳಾರಿ)

ತೊಗಲುಗೊಂಬೆಯ ತೊಗಲಿನಿಂದ ಶುರು ಮಾಡ್ತೀನಿ.

ಆಡಿನ ತೊಗಲೇ ಬೇಕು. ಕುರಿಯದರಲ್ಲಿ ಜಿಡ್ಡು ಹೆಚ್ಚು, ಎಷ್ಟು ಹೆರೆದರೂ ಬೆಳಕು ಮಂಕಾಗಿ ದಾಟುತ್ತೆ. ಹಸಿ ತೊಗಲು ಕೈಗೆ ಬಂದ ಕೆಲವೇ ಗಂಟೆಯಲ್ಲಿ ಮಾಂಸದ ಬದಿಗೆ ಉಪ್ಪು ಉಜ್ಜಬೇಕು. ಬಳ್ಳಾರಿ ಬೇಸಿಗೆಯಲ್ಲಿ ತಡವಾದರೆ ಕೂದಲಿನ ಬುಡದಲ್ಲೇ ಕೊಳೆತು, ಆಮೇಲೆ ಹೆರೆಯುವಾಗ ಸಣ್ಣ ಸಣ್ಣ ತೂತು ಬೀಳ್ತವೆ. ಒಂದು ರಾತ್ರಿ ನೀರಲ್ಲಿ ನೆನೆಸಿ, ಸುಣ್ಣದ ನೀರಿನಲ್ಲಿ ಎರಡು ಮೂರು ದಿನ ಬಿಟ್ಟರೆ ಕೂದಲು ಬೆರಳಿಗೆ ಕಿತ್ತು ಬರುತ್ತೆ. ಕೂದಲು ಒಂದು ಕಡೆ, ಒಳಪೊರೆ ಇನ್ನೊಂದು ಕಡೆ ಹೆರೆಯಬೇಕು. ಇಲ್ಲಿ ಅವಸರ ಮಾಡುವವರೇ ಹೆಚ್ಚು: ಸುಣ್ಣ ಪೂರ್ತಿ ಹೋಗುವ ತನಕ ನಾಲ್ಕೈದು ನೀರು ಬದಲಿಸಿ ತೊಳೆಯಲೇಬೇಕು. ಸುಣ್ಣ ಉಳಿದರೆ ಒಣಗಿದ ಮೇಲೆ ತೊಗಲು ಪೆಡಸಾಗುತ್ತೆ, ಕೆಲವು ಬಣ್ಣ ಬೇರೆ ಛಾಯೆಗೆ ತಿರುಗುತ್ತೆ.

ಚೌಕಟ್ಟಿಗೆ ಎರಡೆರಡು ಇಂಚಿಗೆ ಮೊಳೆ ಹೊಡೆದು ಬಿಗಿದು, ನೆರಳಲ್ಲಿ ಗಾಳಿಗೆ ಒಣಗಿಸಿ. ಹಸಿ ತೊಗಲನ್ನು ಏಪ್ರಿಲ್ ತಿಂಗಳ ನಡುಹಗಲ ಬಿಸಿಲಿಗೆ ಇಟ್ಟರೆ ಅಂಚು ಬೆಂದು ಅಂಟಿನಂತಾಗುತ್ತೆ, ಸೆಟೆದು ಸೀಳುತ್ತೆ. ಹದ ಮಾಡಿದ ಚರ್ಮದ ಅಂಗಡಿ ಮಾಲು ತಂದು ಗೊಂಬೆ ಮಾಡೋಕೆ ಹೋಗಬೇಡಿ. ಹದ ಹಾಕಿದ ಚರ್ಮ ಬೆಳಕು ಬಿಡೋದಿಲ್ಲ; ಹದ ಹಾಕದೇ ಇರೋದರಿಂದಲೇ ತೊಗಲುಗೊಂಬೆ ಪಾರದರ್ಶಕ.

ಇನ್ನು ಬಣ್ಣ. ಕಾಲೇಜಿನಿಂದ ಬಂದವರು ಅಕ್ರಿಲಿಕ್ ಹಚ್ತಾರೆ. ಕೈಯಲ್ಲಿ ಹಿಡಿದಾಗ ಬಲು ಚಂದ, ಪರದೆ ಹಿಂದೆ ನಿಲ್ಲಿಸಿದರೆ ಬರೀ ಕಪ್ಪು ನೆರಳು. ನೀರಿನಲ್ಲಿ ಕರಗುವ, ತೊಗಲಿನ ಒಳಗೆ ಇಳಿಯುವ ಬಣ್ಣವೇ ಬೇಕು, ಎರಡೂ ಬದಿಗೆ ಹಚ್ಚಬೇಕು. ಪ್ರತಿ ಬಣ್ಣವನ್ನೂ ಚೂರು ತೊಗಲಿಗೆ ಹಚ್ಚಿ ದೀಪಕ್ಕೆ ಹಿಡಿದು ನೋಡಿದ ಮೇಲೆಯೇ ಗೊಂಬೆಗೆ. ಉಳಿಯಿಂದ ಕೊರೆಯುವ ತೂತುಗಳ ನಡುವೆ ಕನಿಷ್ಠ ಎರಡು ಮೂರು ಮಿಲಿಮೀಟರ್ ತೊಗಲು ಉಳಿಯಲಿ, ಇಲ್ಲವಾದರೆ ಕುಣಿಸುವಾಗ ಸಾಲಾಗಿ ಹರಿಯುತ್ತೆ. ಬೆನ್ನಿಗೆ ಸೀಳಿದ ಬಿದಿರು ದಬ್ಬೆ. ಅದನ್ನು ಅಂಟಿಸಬಾರದು, ಹೊಲಿದು ಕಟ್ಟಬೇಕು. ತೊಗಲು ತೇವಕ್ಕೆ ಹಿಗ್ಗಿ ಕುಗ್ಗುತ್ತೆ, ಬಿದಿರು ಅಷ್ಟು ಹಿಗ್ಗಲ್ಲ. ಅಂಟಿಸಿದ ಗೊಂಬೆ ಒಂದು ಮಳೆಗಾಲದಲ್ಲೇ ಸುಕ್ಕುಗಟ್ಟುತ್ತೆ.

ದೀಪ: ಚಪ್ಪಟೆ ಎಲ್‌ಇಡಿ ಹಲಗೆಯಲ್ಲಿ ಹತ್ತಾರು ಬೆಳಕಿನ ಚುಕ್ಕೆ ಇರೋದರಿಂದ ಒಂದು ಗೊಂಬೆಗೆ ಹತ್ತು ಅಂಚು ಬರುತ್ತೆ. ಒಂದೇ ಬಿಂದುವಿನಿಂದ ಬೆಳಗುವ ಬಲ್ಬು ಬೇಕು. ಹ್ಯಾಲೊಜೆನ್ ಇಟ್ಟರೆ ತೊಗಲಿನಿಂದ ಮೂರು ಅಡಿಯಾದರೂ ದೂರ ಇರಲಿ. ಏಸಿ ಹಾಕಿದ ಗ್ಯಾಲರಿಯಲ್ಲಿ ಗೊಂಬೆ ಹಪ್ಪಳದ ಹಾಗೆ ಸುರುಳುತ್ತೆ. ಗಾಳಿಯ ತೇವ ಶೇ. 45ರಿಂದ 55ರ ನಡುವೆ ಇರುವಂತೆ ಕೇಳಿ. ಇಡುವಾಗ ಹತ್ತಿ ಬಟ್ಟೆಯ ನಡುವೆ ಚಪ್ಪಟೆಯಾಗಿ, ಬೇವಿನ ಎಲೆ ಹಾಕಿ. ಸುರುಳಿ ಸುತ್ತಲೇಬೇಡಿ.

ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಅವರ ಮನೆತನದ ಗೊಂಬೆಗಳನ್ನು "ವಸ್ತು" ಅಂತ ಕರೆಯುವ ಮೊದಲು ಒಂದು ಕ್ಷಣ ನಿಲ್ಲಿ. ಗೊಂಬೆಗಾರರ ಮನೆಗಳಲ್ಲಿ ಆಟಕ್ಕೆ ಮುಂಚೆ ಗೊಂಬೆಗೆ ಪೂಜೆ ಇದೆ, ಸವೆದ ಗೊಂಬೆಯನ್ನು ನೀರಿಗೆ ಬಿಡುವ ರೂಢಿಯೂ ಇದೆ. ಹಳೆಯ ಗೊಂಬೆ ಕೊಂಡು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ಯೋಜನೆ ಯಾರದ್ದಾದರೂ ಇದ್ದರೆ ಕೈಬಿಡಿ. ಹೊಸದನ್ನು ಅವರ ಕೈಯಲ್ಲೇ, ಅವರು ಹೇಳಿದ ಬೆಲೆಗೆ ಮಾಡಿಸಿ.

ತುಂಗೆಯ ದಂಡೆ (ಗಂಗಾವತಿ)

ಹರಳೆಣ್ಣೆ ದೀಪ ಅವರ ಕೊನೆಯ ಮಾತಿಗೆ ನನ್ನದೂ ಒಂದು ಸೇರಿಸಿ. ತೊಗಲುಗೊಂಬೆ ಹೊಸ ವಿಷಯಕ್ಕೆ ಒಗ್ಗೋದಿಲ್ಲ ಅಂತ ವಾದ ಮಾಡುವವರು ಬಳ್ಳಾರಿಯ ದಿವಂಗತ ಬೆಳಗಲ್ಲು ವೀರಣ್ಣನವರ ಕೆಲಸ ನೋಡಿಲ್ಲ ಅನ್ನಬೇಕು. ರಾಮಾಯಣದ ಜೊತೆಗೆ ಸ್ವಾತಂತ್ರ್ಯ ಹೋರಾಟವನ್ನೂ ಗಾಂಧೀಜಿಯನ್ನೂ ಪರದೆ ಮೇಲೆ ತಂದವರು. ಅವರು ರಂಗಭೂಮಿ ನಟರೂ ಹೌದು. ಮಾತು, ಹಾಡು, ಕೆತ್ತನೆ, ಬೆಳಕು ಎಲ್ಲ ಒಬ್ಬರೊಳಗೇ ಇದ್ದವು. ಬಹುಶಿಸ್ತೀಯ ಅನ್ನೋ ಹೊಸ ಪದ ಬರುವ ಮೊದಲೇ.

ಆದರೆ ಕೆಮ್ಮಣ್ಣು ಅವರೇ, ಶೀಲಾ ಗೌಡರನ್ನು ಸಮುದಾಯ ಕಲಾವಿದೆ ಎಂದು ಓದಿದರೆ ತಪ್ಪಾಗುತ್ತದೆ. ಅವರ ಕೃತಿಯಲ್ಲಿ ದುಡಿಮೆ ಇದೆ, ದುಡಿಯುವವರು ಪ್ರದರ್ಶನದಲ್ಲಿ ಪಾಲುದಾರರಾಗಿ ಬರುವುದಿಲ್ಲ. ಅದು ಕೊರತೆಯಲ್ಲ, ಅವರ ದಾರಿಯೇ ಬೇರೆ. ಊರಿನವರೊಂದಿಗೆ ಸೇರಿ ಮಾಡುವ ದಾರಿಗೆ ಮೈಸೂರಿನ ಎನ್. ಎಸ್. ಹರ್ಷ ಹೆಚ್ಚು ಹತ್ತಿರ. 1969ರಲ್ಲಿ ಹುಟ್ಟಿದವರು, ಮೈಸೂರಿನ ಕಾವಾದಲ್ಲೂ (ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ) ಬರೋಡದಲ್ಲೂ ಓದಿ ಮತ್ತೆ ಮೈಸೂರಿಗೇ ಬಂದು ನೆಲೆ ನಿಂತರು. 2008ರಲ್ಲಿ ಆರ್ಟೆಸ್ ಮುಂಡಿ ಎಂಬ ಅಂತರರಾಷ್ಟ್ರೀಯ ಕಲಾ ಪ್ರಶಸ್ತಿ ಬಂದ ಮೇಲೂ ಊರು ಬಿಡಲಿಲ್ಲ. ಮಕ್ಕಳೊಂದಿಗೆ, ಊರಿನವರೊಂದಿಗೆ ಮಾಡಿದ ಕೆಲಸ ಅವರ ಚಿತ್ರಗಳ ಪಕ್ಕದಲ್ಲೇ ಸಾಗಿದೆ. ಮೂರನೆಯ ದಾರಿ ಪುಷ್ಪಮಾಲಾ ಎನ್. ಅವರದು: ಬರೋಡದಲ್ಲಿ ಶಿಲ್ಪ ಕಲಿತು, ಆಮೇಲೆ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತವರು. ದಕ್ಷಿಣ ಭಾರತದ ಹೆಣ್ಣುಮಕ್ಕಳ ಚಿತ್ರಮಾದರಿಗಳನ್ನು ಮರುಸೃಷ್ಟಿಸಿದ ಫೋಟೋ ಸರಣಿಯನ್ನು 2000ರಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ ಸೇರಿ ಮಾಡಿದರು. ಅಲ್ಲಿ ಎರಡೂ ಹೆಸರು ಒಟ್ಟಿಗೇ ಬರುತ್ತವೆ ಎನ್ನುವುದನ್ನು ಮರೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಮೂರು ದಾರಿಯಲ್ಲಿ ಯಾವುದು ಅಂತ ಮೊದಲೇ ತೀರ್ಮಾನಿಸದೆ ಹಳ್ಳಿಗೆ ಹೋದರೆ, ಜನರಿಗೆ ಒಂದು ಹೇಳಿ ಇನ್ನೊಂದು ಮಾಡಿದಂತಾಗುತ್ತದೆ.

ಬಣ್ಣದ ಬಟ್ಟಲು (ರಾಯಚೂರು)

ಕುಂಕುಮದ ವಿಷಯಕ್ಕ ಬರ್ತೀನ್ರಿ, ಭಾಳ ಮಂದಿ ಇಲ್ಲೇ ಎಡವತಾರ.

ಖರೇ ಕುಂಕುಮ ಅಂದ್ರ ಅರಿಶಿಣಕ್ಕ ಸುಣ್ಣ ಕೂಡಿಸಿದ್ದು. ಅರಿಶಿಣದ ಬಣ್ಣ ಕ್ಷಾರದಾಗ ಕೆಂಪಾಗ್ತದ, ಹುಳಿ ತಾಗಿದ್ರ ಮತ್ತ ಹಳದಿಗೆ ಹೊಳ್ಳತದ. ಅದಕ್ಕ ಹುಳಿ ಗುಣದ ಅಂಟಿನಾಗ ಕಲಿಸಿದ್ರ ಕೆಂಪು ಕಂದಾಗ್ತದ. ಅಂಟು ತಯಾರಾದ ಮ್ಯಾಲೆ ಒಂದು ಚಮಚದಾಗ ಚಿಟಿಕಿ ಕುಂಕುಮ ಹಾಕಿ ರಾತ್ರಿ ಇಡ್ರಿ. ಮುಂಜಾನಿಗೆ ಕೆಂಪು ಹಂಗೇ ಇದ್ರ ಮುಂದುವರೀರಿ. ಎರಡನೇದು, ಅರಿಶಿಣದ ಬಣ್ಣ ಬೆಳಕಿಗೆ ನಿಲ್ಲಂಗಿಲ್ಲ. ಕಿಡಕಿ ಬಿಸಿಲು ಬೀಳೋ ಕಡೆ ಇಟ್ರ ಕೆಲವೇ ದಿನದಾಗ ಮಾಸ್ತದ. ಪ್ಯಾಟ್ಯಾಗ ಅಗ್ಗಕ್ಕ ಸಿಗೋ ಕುಂಕುಮದಾಗ ಬ್ಯಾರೆ ಬಣ್ಣ ಬೆರಸಿರ್ತಾರ. ಅದು ಮಾಸೋದು ತಡ, ಆದ್ರ ಬಟ್ಟೆಗೆ, ಗ್ವಾಡಿಗೆ ಹತ್ತಿದ್ರ ಬಿಡಂಗಿಲ್ಲ. ಸಿಂಧೂರದಾಗ ಸೀಸ ಇರೋದೂ ಉಂಟು. ಮಕ್ಕಳ ಶಿಬಿರದಾಗ ಸಿಂಧೂರ ಬ್ಯಾಡೇ ಬ್ಯಾಡ್ರಿ.

ಸಗಣಿ: ಬರೀ ಸಗಣಿ ತಟ್ಟಿ ಒಣಗಿಸಿದ್ರ ಬಿರುಕು ಬಿಡ್ತದ, ಯಾಕಂದ್ರ ಒಳಗಿನ ನೀರೆಲ್ಲ ಆರಿ ಗಾತ್ರ ಕುಗ್ಗತದ. ಸಣ್ಣಗ ಕತ್ತರಿಸಿದ ಹೊಟ್ಟು ಒಂದು ಪಾಲು, ಜರಡಿ ಹಿಡಿದ ಮಣ್ಣು ಒಂದು ಪಾಲು, ಸಗಣಿ ಮೂರು ಪಾಲು, ಇಷ್ಟು ಕೂಡಿಸಿದ್ರ ಮೈ ತಡೀತದ. ದಪ್ಪ ಒಂದು ಇಂಚಿಗಿಂತ ಮ್ಯಾಲೆ ಹೋದ್ರ ಹೊರಗ ಒಣಗಿ ಒಳಗ ಹಸಿ ಉಳೀತದ, ಆಮ್ಯಾಲೆ ಹುಳ. ಬೇವಿನ ಎಣ್ಣಿ ಒಂದು ಕಿಲೋಕ್ಕ ಎರಡು ಮೂರು ಚಮಚ ಹಾಕ್ರಿ. ಜಾಸ್ತಿ ಆದ್ರ ಮ್ಯಾಲಿನ ಬಣ್ಣ ಹಿಡಿಯಂಗಿಲ್ಲ. ಮಳೆಗಾಲದಾಗ ಈ ಕೆಲಸಕ್ಕ ಕೈ ಹಚ್ಚಬ್ಯಾಡ್ರಿ. ಬೂಷ್ಟು ಬರೋದು ತಪ್ಪಂಗಿಲ್ಲ.

ಸಂಡೂರು ಕಣಿವೆ (ಸಂಡೂರು)

ಕೆಂಪಿನ ಬಗ್ಗೆ. ಸಂಡೂರಿನ ಅದಿರು ಹೆಮಟೈಟ್. ಕಲ್ಲು ಉಕ್ಕಿನ ಬೂದು ಬಣ್ಣಕ್ಕೆ ಹೊಳೆಯುತ್ತಿದ್ದರೂ ಹೆಂಚಿನ ಒರಟು ಬದಿಗೆ ಗೀರಿದರೆ ಕೆಂಪು ಗೆರೆ ಬೀಳುತ್ತದೆ. ಗುರುತಿಸಲು ಅದೇ ಪರೀಕ್ಷೆ ಸಾಕು.

ಆದರೆ ಗಣಿ ಗುತ್ತಿಗೆ ಜಾಗದಿಂದ, ರಸ್ತೆ ಪಕ್ಕದ ರಾಶಿಯಿಂದ ಒಂದು ಹಿಡಿಯನ್ನೂ ತರಬೇಡಿ. ಪರವಾನಗಿ ಇಲ್ಲದೆ ಖನಿಜ ಸಾಗಿಸುವುದು 1957ರ ಗಣಿ ಕಾಯ್ದೆಯ ಪ್ರಕಾರ ಅಪರಾಧ, ಮತ್ತು ಈ ಜಿಲ್ಲೆಯಲ್ಲಿ ಅದರ ಅರ್ಥ ಏನೆಂದು ಎಲ್ಲರಿಗೂ ಗೊತ್ತು. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ವರ್ಷ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಅದಿರಿನ ಮೇಲೆ ಕೃತಿ ಮಾಡುವವರು ಅದಿರನ್ನೇ ಕದ್ದು ತಂದರೆ ಕೃತಿಗೆ ಮಾತೇ ಉಳಿಯುವುದಿಲ್ಲ. ಒಪ್ಪಿಗೆ ಕೊಟ್ಟ ರೈತರ ಹೊಲದ ಕೆಮ್ಮಣ್ಣು ತೆಗೆದುಕೊಳ್ಳಿ. ಅದರಲ್ಲಿರುವುದೂ ಕಬ್ಬಿಣದ ಕೆಂಪೇ.

ಬಣ್ಣ ತೆಗೆಯುವ ಕ್ರಮ: ಎರಡು ಕಿಲೋ ಮಣ್ಣನ್ನು ಹತ್ತು ಲೀಟರ್ ನೀರಿನ ಬಕೀಟಿನಲ್ಲಿ ಚೆನ್ನಾಗಿ ಕದಡಿ, ಒಂದು ನಿಮಿಷ ಬಿಡಿ. ಮರಳು, ಹರಳು ಕೆಳಗಿಳಿಯುತ್ತವೆ. ಮೇಲಿನ ಕೆಂಪು ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ ಎರಡನೇ ಬಕೀಟಿಗೆ ಬಗ್ಗಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ತಿಳಿನೀರು ಚೆಲ್ಲಿ. ಹೀಗೆ ಮೂರು ಸಲ. ಕೊನೆಗೆ ಉಳಿಯುವ ಕೆನೆಯಂಥ ಕೆಸರೇ ಬಣ್ಣ. ನೆರಳಲ್ಲಿ ಒಣಗಿಸಿ, ಕಲ್ಲಿನ ಮೇಲೆ ಅಂಟಿನ ಜೊತೆ ಅರೆಯಿರಿ. ಎರಡು ಕಿಲೋಗೆ ಕಾಲು ಕಿಲೋ ಸಿಕ್ಕರೆ ಒಳ್ಳೆಯ ಮಣ್ಣು ಅನ್ನಬೇಕು. ಅಂಟು ಕಡಿಮೆಯಾದರೆ ಒಣಗಿದ ಮೇಲೆ ಬೆರಳಿಗೆ ಬಣ್ಣ ಹತ್ತುತ್ತದೆ, ಹೆಚ್ಚಾದರೆ ಹೊಳೆದು ಪದರ ಪದರವಾಗಿ ಸಿಡಿಯುತ್ತದೆ. ಜಾಲಿ ಗೋಂದಾದರೆ ಒಂದು ಪಾಲಿಗೆ ಎರಡು ಪಾಲು ನೀರು ಹಾಕಿ ಕರಗಿಸಿ, ಅಲ್ಲಿಂದ ಪರೀಕ್ಷೆ ಶುರು ಮಾಡಿ.

ಒಣಗಿದ್ದನ್ನು ಎಂದೂ ಹಾಗೇ ಒಣದಾಗಿ ಕುಟ್ಟಬೇಡಿ. ನಮ್ಮ ಬೆಟ್ಟದ ಕಲ್ಲಿನಲ್ಲಿ ಕಬ್ಬಿಣದ ಪಟ್ಟಿಯ ಜೊತೆ ಬೆಣಚುಕಲ್ಲಿನ ಪಟ್ಟಿ ಇರುತ್ತದೆ. ಆ ಧೂಳು ಎದೆಗೆ ಹೋದರೆ ವಾಪಸು ಬರುವುದಿಲ್ಲ. ಒದ್ದೆ ಮಾಡಿ ಅರೆಯಿರಿ, ಮುಖಕ್ಕೆ ಬಟ್ಟೆ ಕಟ್ಟಿದರೆ ಸಾಲದು, ಎನ್-95 ಹಾಕಿ.

ಚಿತ್ರಗಾರ ಓಣಿ (ಕೊಪ್ಪಳ)

ಕಿನ್ನಾಳದ ವಿಷಯ. ಹಗುರ ಪೊಳ್ಕಿ ಮರದಾಗ ಕೆತ್ತಿ, ಕೈ ಕಾಲು ಜೋಡಿಸಾಕ ಹುಣಸೆಬೀಜದ ಅಂಟು ಬಳಸ್ತಾರ. ಸಣಬಿನ ಚಿಂದಿ ನೆನೆಸಿ, ಕೊಚ್ಚಿ, ಒಣಗಿಸಿ, ಪುಡಿ ಮಾಡಿ, ಮರದ ಪುಡಿ ಕೂಡಿಸಿ ಅದೇ ಅಂಟಿನಾಗ ಕಲಸಿದ್ರ ಕಿಟ್ಟ ಆಗ್ತೈತಿ. ಮೈ ತುಂಬ ಕಿಟ್ಟ ಮೆತ್ತಿ, ಹತ್ತಿ ಬಟ್ಟೆ ಚೂರು ಅಂಟಿಸಿ, ಅದರ ಮ್ಯಾಲೆ ಬೆಣಚುಕಲ್ಲಿನ ಪುಡಿ ಮತ್ತು ಗೋಂದಿನ ಲೇಪ. ಆಭರಣದ ಉಬ್ಬು ಕೂಡ ಅದೇ ಲೇಪದಿಂದ. ಬಣ್ಣ ಕೊನೆಗೆ.

ಹುಣಸೆಬೀಜದ ಅಂಟು ಮನೆಯಾಗ ಮಾಡೋದಾದ್ರ: ಬೀಜ ಹುರಿದು ಸಿಪ್ಪಿ ತೆಗದು, ರಾತ್ರಿ ನೆನೆಸಿ, ನುಣ್ಣಗ ರುಬ್ಬಿ. ನೂರು ಗ್ರಾಂ ಬೀಜಕ್ಕ ಒಂದು ಲೀಟರ್ ನೀರು ಹಾಕಿ, ಸಣ್ಣ ಉರಿಯಾಗ ಕೈ ಬಿಡದಂಗ ತಿರುವ್ರಿ. ಬೆಳ್ಳಗಿದ್ದದ್ದು ಗಾಜಿನಂಗ ತಿಳಿಯಾಗಿ ಕೈಗೆ ನೂಲಿನಂಗ ಎಳೆ ಬಂದ್ರ ಆಯ್ತು. ಬೇಸಿಗಿಯಾಗ ಎರಡು ದಿನಕ್ಕ ಹುಳಿ ವಾಸನಿ ಬರ್ತೈತಿ. ಹುಳಿ ಬಂದ ಅಂಟು ಒಣಗಿದ ಮ್ಯಾಲೆ ಹಿಡಿತ ಬಿಡ್ತೈತಿ, ಹೊರಗ ಕಾಣಂಗಿಲ್ಲ, ಆರು ತಿಂಗಳಿಗೆ ಕೈ ಕಳಚಿ ಬಿದ್ದಾಗ ಗೊತ್ತಾಕ್ಕೈತಿ. ದಿನಕ್ಕ ಬೇಕಾದಷ್ಟೇ ಮಾಡ್ಕೊಳ್ರಿ.

ಕಲಾವಿದರಿಗೆ ಒಂದು ವಿನಂತಿ. ಕಿಟ್ಟದ ಬದಲು ಎಂ-ಸೀಲ್, ಅಂಟಿನ ಬದಲು ಫೆವಿಕಾಲ್ ಹಾಕಿ "ಕಿನ್ನಾಳ ಶೈಲಿ" ಅಂತ ಬರಿಯಬ್ಯಾಡ್ರಿ. ಕಿನ್ನಾಳದ ಕೆಲಸಕ್ಕ ಭೌಗೋಳಿಕ ಗುರುತು ಐತಿ. ಆ ಹೆಸರು ಊರಿನ ಚಿತ್ರಗಾರ ಮನೆತನಗಳ ಆಸ್ತಿ. ಬೇರೆ ವಸ್ತು ಬಳಸೋದು ತಪ್ಪಲ್ಲ, ವಿವರದಾಗ ಬಳಸಿದ ವಸ್ತುವಿನ ಹೆಸರನ್ನೇ ಬರೀರಿ.

ಬಣ್ಣದ ಬಟ್ಟಲು (ರಾಯಚೂರು)

ಚಿತ್ರಗಾರ ಓಣಿ ಅಣ್ಣಾರ, ಅಂಟಿಗೆ ಚೂರು ಮೈಲುತುತ್ತ ಹಾಕಿದ್ರ ನಾಲ್ಕು ದಿನ ತಡೀತದಲ್ರಿ?

ಚಿತ್ರಗಾರ ಓಣಿ (ಕೊಪ್ಪಳ)

ತಡೀತೈತಿ ರೀ, ಆದ್ರ ಅದು ವಿಷ. ಆಟಿಗಿಗೆ, ಮಕ್ಕಳು ಮುಟ್ಟೋ ಯಾವುದಕ್ಕೂ ಬ್ಯಾಡ. ಗ್ವಾಡಿಗೆ ತೂಗುಹಾಕೋ ಕೃತಿಗೆ ಹಾಕಿದ್ರ ಹಿಂಬದಿಗೆ ಬರದು ಅಂಟಿಸ್ರಿ.

ಬಿಸಿಲೂರು (ರಾಯಚೂರು)

ಊರಿನವರ ಜೊತೆ ಕೆಲಸ ಎಂದರೆ ನಮ್ಮ ಜಿಲ್ಲೆಯಲ್ಲಿ ಬಹುತೇಕ ಶಾಲೆಯ ಗೋಡೆ ಚಿತ್ರ. ಅದರ ಕಷ್ಟಗಳನ್ನು ಹೇಳುತ್ತೇನೆ.

ಎರೆಭೂಮಿಯ ಮೇಲೆ ಕಟ್ಟಿದ ಗೋಡೆ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುತ್ತದೆ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಡುವ ಬಿರುಕು ಪ್ರತಿ ವರ್ಷ ಮತ್ತೆ ತೆರೆಯುತ್ತದೆ. ಅದನ್ನು ಪುಟ್ಟಿ ತುಂಬಿ ಮುಚ್ಚಿದರೆ ಮುಂದಿನ ವರ್ಷ ಚಿತ್ರದ ಮುಖದ ಮೇಲೆಯೇ ಸೀಳು. ಮುಖ, ಕೈ, ಅಕ್ಷರಗಳನ್ನು ಆ ಜಾಗದಿಂದ ದೂರ ಇಡಿ. ಬಿರುಕಿರುವಲ್ಲಿ ಬಳ್ಳಿ, ಮರ, ಹೊಳೆ ಬರೆಯಿರಿ. ನೆಲದಿಂದ ಮೂರಡಿವರೆಗೆ ಉಪ್ಪು ಏಳುತ್ತದೆ. ಬಿಳಿ ಪುಡಿ ಕಂಡರೆ ಒಣ ಬ್ರಷ್ಷಿನಿಂದ ಉದುರಿಸಿ, ಅಲ್ಲಿ ಪ್ಲಾಸ್ಟಿಕ್ ಬಣ್ಣ ಹಚ್ಚದೆ ಸುಣ್ಣವೇ ಹಚ್ಚಿ. ಪ್ಲಾಸ್ಟಿಕ್ ಬಣ್ಣ ಗೋಡೆಯ ಉಸಿರು ಕಟ್ಟಿಸುತ್ತದೆ, ಒಳಗಿನ ಉಪ್ಪು ಬಣ್ಣವನ್ನು ಗುಳ್ಳೆ ಎಬ್ಬಿಸಿ ಬೀಳಿಸುತ್ತದೆ. ಸುಣ್ಣವಾದರೆ ಉದುರಿದರೂ ಮುಂದಿನ ಹಬ್ಬಕ್ಕೆ ಊರಿನವರೇ ಮತ್ತೆ ಬಳಿಯಬಲ್ಲರು. ಕಲಾವಿದರು ವಾಪಸು ಬರಲೇಬೇಕು ಎನ್ನುವ ಚಿತ್ರಕ್ಕಿಂತ ಊರಿನವರು ತಾವೇ ತಿದ್ದಿಕೊಳ್ಳಬಲ್ಲ ಚಿತ್ರ ನನಗೆ ದೊಡ್ಡದು.

ಸುಣ್ಣ ಕನಿಷ್ಠ ಎರಡು ವಾರ ನೀರಿನಲ್ಲಿ ಅರಳಿರಲಿ. ಬಣ್ಣವೂ ಸುಣ್ಣ ತಾಳುವಂಥದ್ದೇ ಆಗಬೇಕು: ಸಂಡೂರು ಕಣಿವೆ ಅವರು ಹೇಳಿದ ಕೆಮ್ಮಣ್ಣು, ಹಳದಿ ಮಣ್ಣು, ಇದ್ದಿಲು ಸರಿ. ಅರಿಶಿಣ ಹಾಕಿದರೆ ಕೆಂಪಾಗಿ ಹೋಗುತ್ತದೆ, ಕಾರಣ ಮೇಲೆಯೇ ಬಂದಿದೆ. ಬೇಸಿಗೆಯಲ್ಲಿ ಬೆಳಗಿನ 6ರಿಂದ 10ರ ಒಳಗೆ ಮುಗಿಸಿ. ಗೋಡೆಗೆ ಮೊದಲು ನೀರು ಚಿಮುಕಿಸಿ. ಕಾದ ಗೋಡೆ ನೀರನ್ನು ಒಮ್ಮೆಲೇ ಹೀರಿದರೆ ಸುಣ್ಣ ಗಟ್ಟಿಯಾಗದೆ ಪುಡಿಯಾಗಿಯೇ ಉಳಿಯುತ್ತದೆ.

ಹಳೆಯ ಸ್ಮಾರಕಗಳ ಹತ್ತಿರ ಎಚ್ಚರ. ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಮಸ್ಕಿಯ ಅಶೋಕ ಶಾಸನವಿರಲಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಇರಲಿ, ಬಂಡೆಗೆ ಬಣ್ಣ ಹಚ್ಚುವುದಿರಲಿ, ಹತ್ತಿರ ಚಪ್ಪರ ಹಾಕುವ ಮೊದಲೂ ಕೇಳಿಕೊಳ್ಳಿ.

ಹರಳೆಣ್ಣೆ ದೀಪ (ಬಳ್ಳಾರಿ)

ಇದೇ ಮಾತು ಬಳ್ಳಾರಿ ಹತ್ತಿರದ ಕಪ್ಪಗಲ್ಲಿಗೂ. ಸಂಗನಕಲ್ಲು–ಕಪ್ಪಗಲ್ಲು ಗುಡ್ಡದ ಕರಿಬಂಡೆಗಳನ್ನು ಬಡಿದರೆ ಗಂಟೆಯ ಹಾಗೆ ನಾದ ಬರುತ್ತೆ, ಪಕ್ಕದಲ್ಲೇ ನವಶಿಲಾಯುಗದವರು ಕುಟ್ಟಿ ಮೂಡಿಸಿದ ದನ, ಮನುಷ್ಯರ ಚಿತ್ರ. ಶಬ್ದ ಕಲೆ ಮಾಡುವವರಿಗೆ ಇದಕ್ಕಿಂತ ದೊಡ್ಡ ಸಂಪತ್ತು ಇಲ್ಲ. ಹಳೆಯ ಕುಳಿಗಳಲ್ಲಿ ಕಲ್ಲಿನಿಂದ ಬಡಿಯಬೇಡಿ, ಸಾವಿರಾರು ವರ್ಷದ ಗುರುತು ಒಂದು ರೆಕಾರ್ಡಿಂಗಿಗೆ ಹೋಗುತ್ತೆ. ಗುರುತಿಲ್ಲದ ಬಿಡಿಬಂಡೆಗೆ, ಅದೂ ಅನುಮತಿ ಇದ್ದರೆ, ಮರದ ಕೊಡತಿ ಸಾಕು. ಗಾಳಿ ಏಳುವ ಮೊದಲು, ಬೆಳಗಿನ ಜಾವ ಧ್ವನಿ ತೆಗೆಯಿರಿ. ಮೈಕಿಗೆ ತುಪ್ಪಳದ ಕವಚ ಇಲ್ಲದಿದ್ದರೆ ಬರೀ ಗಾಳಿಯ ಸದ್ದೇ ತುಂಬುತ್ತೆ. ಬಳ್ಳಾರಿಯಲ್ಲಿ ಪ್ರಾಗಿತಿಹಾಸ ಸಂಶೋಧಕ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯ ಇದೆ, ಗುಡ್ಡ ಹತ್ತುವ ಮೊದಲು ಅಲ್ಲಿ ಒಂದು ದಿನ ಕಳೆಯಿರಿ.

ಕಸೂತಿ ಎಳೆ (ಸಂಡೂರು)

ಎಲ್ಲರೂ ವಸ್ತುವಿನ ಬಗ್ಗೆ ಚೆನ್ನಾಗಿ ಬರೆದಿದ್ದೀರಿ. ಕೂಲಿ ಮತ್ತು ಹೆಸರಿನ ಬಗ್ಗೆ ನಾನು ಬರೆಯುತ್ತೇನೆ, ಯಾಕೆಂದರೆ ಸಮುದಾಯದ ಜೊತೆ ಮಾಡುವ ಕಲೆ ಮುರಿದುಬೀಳುವುದು ಯಾವಾಗಲೂ ಅಲ್ಲೇ.

2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳು ಮಾಡಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಸಂಖ್ಯೆ ದೊಡ್ಡದು, ಸಂತೋಷವೇ. ಆದರೆ ಒಂದು ಅಂಗೈಯಗಲದ ತುಣುಕಿಗೆ ಎಷ್ಟು ಗಂಟೆ ಹಿಡಿಯುತ್ತದೆ ಎನ್ನುವುದನ್ನು ಕೇಳಿಕೊಳ್ಳದೆ ಯಾವ ಕಲಾವಿದರೂ ಬಜೆಟ್ ಬರೆಯಬಾರದು. ಕ್ರಮ ಇದು: ಒಂದು ಮಾದರಿ ತುಣುಕನ್ನು ಸಂಬಳ ಕೊಟ್ಟು ಮಾಡಿಸಿ. ಮಾಡುವವರೇ ಗಂಟೆ ಲೆಕ್ಕ ಬರೆದುಕೊಳ್ಳಲಿ. ಕನ್ನಡಿ ಕೂರಿಸುವುದು, ಅಂಚಿಗೆ ಕವಡೆ ಹೊಲಿಯುವುದು ಬೇರೆ ಬೇರೆ ಲೆಕ್ಕ. ಆ ಗಂಟೆಯ ಮೇಲೆ ದರ ಕಟ್ಟಿ, ಮೂರನೇ ಒಂದು ಭಾಗ ಮುಂಗಡ ಕೊಡಿ. ದಾರ, ಬಟ್ಟೆ, ಕನ್ನಡಿ ನಿಮ್ಮ ಖರ್ಚು. ಬಿತ್ತನೆ, ಸುಗ್ಗಿ, ಕಬ್ಬು ಕಡಿಯಲು ಗುಳೆ ಹೋಗುವ ತಿಂಗಳು, ತಾಂಡಾದ ದೀಪಾವಳಿ, ಇವುಗಳನ್ನು ಬಿಟ್ಟು ದಿನ ಹಾಕಿ. ಗಡುವು ಒತ್ತಿದರೆ ಹೊಲಿಗೆ ಹಿಂದುಮುಂದಾಗುತ್ತದೆ, ಹಿಂಬದಿ ನೋಡಿದರೆ ಗಂಟು ಗಂಟು ಕಾಣುತ್ತದೆ.

ಒಪ್ಪಂದ ಒಂದೇ ಪುಟ, ಕನ್ನಡದಲ್ಲಿ, ಜನರ ಮುಂದೆ ಗಟ್ಟಿಯಾಗಿ ಓದಿ ಹೇಳಿದ್ದು. ಅದರಲ್ಲಿ ಇರಬೇಕಾದ್ದು: ಯಾರ ಹೆಸರು ಎಲ್ಲಿ ಬರುತ್ತದೆ, ಕೃತಿ ಮಾರಾಟವಾದರೆ ಪಾಲು ಎಷ್ಟು, ಫೋಟೋ ಎಲ್ಲಿ ಬಳಸಬಹುದು, ಎಲ್ಲಿ ಬಾರದು, ಮಧ್ಯದಲ್ಲಿ ಬಿಟ್ಟುಹೋದರೆ ಮಾಡಿದಷ್ಟಕ್ಕೆ ಹಣ. ತಾಂಡಾದ ಹಿರಿಯರ ಒಪ್ಪಿಗೆಯೊಂದೇ ಸಾಲದು. ಸೂಜಿ ಹಿಡಿಯುವ ಅಕ್ಕಂದಿರ ಒಪ್ಪಿಗೆ ಬೇರೆಯಾಗಿ ಕೇಳಿ.

ತುಂಗೆಯ ದಂಡೆ (ಗಂಗಾವತಿ)

ಕಸೂತಿ ಎಳೆ ಅವರೇ, ಒಂದು ಭಿನ್ನಾಭಿಪ್ರಾಯ. ಪಾಲು ಅಂತ ಬರೆದರೆ ಮಾರಾಟವೇ ಆಗದ ಕೃತಿಗೆ ಅವರು ವರ್ಷಗಟ್ಟಲೆ ಕಾಯುತ್ತಾರೆ. ಬಾಳೆನಾರು ಕೆಲಸದವರಿಗೆ ಬೇಕಾದ್ದು ವಾರದ ಸಂಬಳ. ಪಾಲಿನ ಆಸೆ ತೋರಿಸಿ ಕೂಲಿ ಕಡಿಮೆ ಮಾಡುವವರಿಗೆ ಇದೊಂದು ಬಾಗಿಲಾಗಬಾರದು.

ಕಸೂತಿ ಎಳೆ (ಸಂಡೂರು)

ನಿಮ್ಮ ಮಾತು ಸರಿ. ತಿದ್ದಿ ಹೇಳುತ್ತೇನೆ: ಮೊದಲು ಪೂರ್ತಿ ಕೂಲಿ, ಕೈಗೆ. ಪಾಲು ಅದರ ಮೇಲೆ, ಕೂಲಿಯ ಬದಲಿಗೆ ಅಲ್ಲ.

ಹೊಸ ಹಾಳೆ (ಬಳ್ಳಾರಿ)

ಇದನ್ನೆಲ್ಲ ಮಾಡಿದ ಮೇಲೆ ಕಲಾವಿದರ ಮುಂದಿನ ದಾರಿ ದಾಖಲೆಯಿಂದಲೇ. 15ರಿಂದ 20 ಚಿತ್ರ ಸಾಕು, ಅದರಲ್ಲಿ ಮೂರು ನಾಲ್ಕು ಕೆಲಸ ನಡೆಯುತ್ತಿರುವಾಗಿನದ್ದು. ಪ್ರತಿ ಚಿತ್ರದ ಕೆಳಗೆ ಹೆಸರು, ವರ್ಷ, ವಸ್ತು, ಅಳತೆ ಸೆಂಟಿಮೀಟರಿನಲ್ಲಿ, ಜೊತೆಗೆ ಮಾಡಿದವರು. ತೊಗಲುಗೊಂಬೆಗೆ ಎರಡು ಫೋಟೋ: ಮುಂದಿನಿಂದ ಬೆಳಕು ಬಿಟ್ಟದ್ದು, ಹಿಂದಿನಿಂದ ಬಿಟ್ಟದ್ದು. ಒಂದನ್ನೇ ಕಳಿಸಿದರೆ ನೋಡುವವರಿಗೆ ಅರ್ಧ ಕೃತಿ ಮಾತ್ರ ಸಿಗುತ್ತದೆ. ಕೆಂಪು ಬಣ್ಣವನ್ನು ಫೋನಿನ ಕ್ಯಾಮೆರಾ ಕಿತ್ತಳೆ ಮಾಡುತ್ತದೆ, ಪಕ್ಕದಲ್ಲಿ ಬೂದು ಕಾರ್ಡ್ ಇಟ್ಟು ಒಂದು ಫೋಟೋ ತೆಗೆದುಕೊಂಡರೆ ಆಮೇಲೆ ಸರಿಪಡಿಸಬಹುದು. ವಿವರಣೆ 200 ಪದ ಮೀರದಿರಲಿ, ಮೊದಲ ಸಾಲಲ್ಲೇ ವಸ್ತು ಮತ್ತು ಊರು ಬರಲಿ. "ಅಸ್ಮಿತೆಯ ಶೋಧ" ಎಂದು ಶುರು ಮಾಡಿದ ಹೇಳಿಕೆ ಯಾರಿಗೂ ನೆನಪಿರುವುದಿಲ್ಲ.

ಸರ್ಕಾರಿ ಶಾಲೆಯ ಶಿಕ್ಷಕರಿಗೆ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸಂಸ್ಥೆಯ "ಕಲಿ-ಕಲಿಸು" ಯೋಜನೆ ಇದೆ. ಕಲಾವಿದರು ಒಬ್ಬರೇ ಶಾಲೆಗೆ ಹೋಗುವ ಬದಲು ಅಲ್ಲಿನ ಶಿಕ್ಷಕರೊಂದಿಗೆ ಸೇರಿ ಯೋಚಿಸಿದರೆ ಕೆಲಸ ಒಂದು ದಿನದ ಶಿಬಿರವಾಗಿ ಮುಗಿಯುವುದಿಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ದೃಶ್ಯಕಲಾ ವಿಭಾಗ, ಬೆಂಗಳೂರಿನ ಲಲಿತಕಲಾ ಅಕಾಡೆಮಿ ಇವೂ ಕೈಗೆಟುಕುವ ಬಾಗಿಲುಗಳು.

ಕೆಮ್ಮಣ್ಣು (ಕೊಪ್ಪಳ)

ಎಲ್ಲರಿಗೂ ಶರಣು. ಕೊನೆಯದಾಗಿ ಒಂದು ಪ್ರಶ್ನೆ. ಪ್ರದರ್ಶನದ ಗೋಡೆಯಲ್ಲಿ ಕೃತಿಯ ಪಕ್ಕದ ಚೀಟಿಯಲ್ಲಿ ಕಲಾವಿದರ ಹೆಸರು ಮೊದಲೋ, ಗೊಂಬೆಗಾರರದೋ? ಅಥವಾ "ಸಹಾಯ" ಅಂತ ಕೆಳಗೆ ಬರೆದರೆ ಸಾಕೋ?

ಕಸೂತಿ ಎಳೆ (ಸಂಡೂರು)

"ಸಹಾಯ" ಬೇಡ. ತುಂಗೆಯ ದಂಡೆ ಅವರು ಹೇಳಿದ ಪುಷ್ಪಮಾಲಾ–ಆರ್ನಿ ಉದಾಹರಣೆಯ ಹಾಗೆ ಒಂದೇ ಸಾಲಿನಲ್ಲಿ, ಒಂದೇ ಅಕ್ಷರ ಗಾತ್ರದಲ್ಲಿ ಇರಲಿ. ಹೀಗೆ ಬರೆಯಬಹುದು:

ಕೃತಿಯ ಹೆಸರು, ವರ್ಷ
ರೂಪ: (ಕಲಾವಿದರ ಹೆಸರು). ತೊಗಲು, ಕೆತ್ತನೆ, ಬಣ್ಣ: (ಗೊಂಬೆಗಾರರ ಹೆಸರು, ಊರು)
ಹದ ಮಾಡದ ಆಡಿನ ತೊಗಲು, ನೀರುಬಣ್ಣ, ಬಿದಿರು, ಹತ್ತಿ ದಾರ, ಒಂದು ಬಲ್ಬು
110 × 70 ಸೆಂ.ಮೀ.

ಹತ್ತು ಜನ ಮಾಡಿದ್ದರೆ ಹತ್ತೂ ಹೆಸರು, ಅವರು ಹೇಳಿದ ಕಾಗುಣಿತದಲ್ಲಿ. ಅಚ್ಚಿಗೆ ಕೊಡುವ ಮೊದಲು ಅವರಿಗೆ ಓದಿ ಹೇಳಿ. ಹೆಸರು ಬೇಡ ಎಂದವರದ್ದು ಬಿಡಿ.

ಹರಳೆಣ್ಣೆ ದೀಪ (ಬಳ್ಳಾರಿ)

ಚೀಟಿಯನ್ನು ಕನ್ನಡದಲ್ಲೂ ಹಾಕಿ, ಕಣ್ಣಿಗೆ ಎಟುಕುವ ಎತ್ತರದಲ್ಲಿ. ಮತ್ತೆ ಪ್ರದರ್ಶನ ದೂರದೂರಲ್ಲಿ ಆಗುವ ಮೊದಲು ಮೋರನಾಳದಲ್ಲೋ ಕಿನ್ನಾಳದಲ್ಲೋ ಒಂದು ರಾತ್ರಿ ಪರದೆ ಕಟ್ಟಿ ತೋರಿಸಿ. ಅಲ್ಲಿನ ಮಂದಿ ಗೊಂಬೆಯ ಕೈ ಎಲ್ಲಿ ತಪ್ಪಾಗಿ ಮಡಚುತ್ತೆ ಅಂತ ಮೊದಲ ಹತ್ತು ನಿಮಿಷದಲ್ಲೇ ಹೇಳ್ತಾರೆ. ಆಗ ತಿದ್ದೋಕೆ ಉಳಿ, ದಾರ, ಎರಡು ಚೂರು ತೊಗಲು ಜೊತೆಗಿರಲಿ.